ನಮ್ಮ ನಡುಮನೆಯ ಲೋಕಲ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ತೆಗೆದ ಫೋಟೋಗಳಲ್ಲೆಲ್ಲ ಒಂದು ಮೂಲೆಯಲ್ಲಿ ನನ್ನ ಹೆಬ್ಬೆರಳು ಇರುತ್ತದೆ. ಮೊಮ್ಮಗನ ತೊಟ್ಟಿಲಿನ ಪಕ್ಕದಲ್ಲಿ ಇದೆ, ಅಂಬರನಾಥದ ಶಿವಾಲಯದ ಗೋಡೆಯ ಮೇಲೆ ಇದೆ, ಸೊಸೆಯ ಸೀಮಂತದಲ್ಲಿ ಆರತಿ ತಟ್ಟೆಗಿಂತ ಮುಂದೆಯೇ ಇದೆ. ಮನೆಯವರು ಮೊದಮೊದಲು ನಗುತ್ತಿದ್ದರು, ಈಗ ಅದನ್ನು ನನ್ನ ರುಜು ಎಂದು ತಿಳಿದು ಸುಮ್ಮನಾಗಿದ್ದಾರೆ. ಸ್ಮಾರ್ಟ್‌ಫೋನು ನನ್ನ ಕೈಗೆ ಬಂದು ಹತ್ತು ವರ್ಷದ ಮೇಲಾಯಿತು. ಅದರಲ್ಲಿ ನನಗೆ ಪೂರ್ತಿ ಒಗ್ಗಿದ್ದು ಟಾರ್ಚ್ ಮಾತ್ರ. ಇಂಥವಳು ಡಿಜಿಟಲ್ ತಂತ್ರಜ್ಞಾನವನ್ನು ಹೊಗಳಲು ಕೂತಿದ್ದಾಳೆಂದರೆ ನಿಮಗೆ ನಗು ಬರುವುದು ಸಹಜ. ನಗಿ, ಆದರೆ ಓದಿ. ಏಕೆಂದರೆ ಕಳೆದ ಚಳಿಗಾಲದ ಒಂದು ಭಾನುವಾರ, ಡೊಂಬಿವಲಿಯ ನಮ್ಮ ಎರಡನೇ ಮಾಳಿಗೆಯ ನಡುಮನೆಯಲ್ಲಿ ಒಂದು ಲೋಕಲ್ ಗಾಡಿ ಓಡಿತು. ಅದರಲ್ಲಿ ನಾನೂ ಕೂತಿದ್ದೆ.

ಓಡಿಸಿದವಳು ಅದಿತಿ, ನನ್ನ ತಮ್ಮನ ಮಗಳು. ಮನೆ ಸೀವುಡ್ಸ್, ಓದು ನವಿ ಮುಂಬೈಯದೇ ಒಂದು ಕಾಲೇಜಿನಲ್ಲಿ, ವಿಷಯ ಸಮೂಹ ಮಾಧ್ಯಮ. ಇಲ್ಲೇ ಹುಟ್ಟಿ ಬೆಳೆದ ಹುಡುಗಿಯಾದ್ದರಿಂದ ಕನ್ನಡ, ತುಳು ಎರಡೂ ಅವಳ ಕಿವಿಯೊಳಗೆ ಸಲೀಸಾಗಿ ಹೋಗುತ್ತವೆ. ಬಾಯಿಂದ ಹೊರಬರುವಾಗ ಮುಕ್ಕಾಲು ಪಾಲು ಹಿಂದಿಯಾಗಿರುತ್ತದೆ. ಕೊನೆಯ ವರ್ಷದವರು ಒಂದೊಂದು ಮ್ಯೂಸಿಕ್ ವಿಡಿಯೋ ಮಾಡಿ ಒಪ್ಪಿಸಬೇಕು ಎಂಬುದು ಅವರ ಕಾಲೇಜಿನ ನಿಯಮ. ಅದಿತಿ ಒಂದು ಮಾಡಿದ್ದಳು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಮೇಲೆ ಸೂರ್ಯಾಸ್ತ, ನಸುಗೆಂಪು ಹಕ್ಕಿಗಳ ಹಿಂಡು, ಆಕಾಶದಿಂದ ಇಳಿದುಬರುವ ಡ್ರೋನು, ಗಾಳಿಗೆ ನಿಧಾನವಾಗಿ ಹಾರುವ ಯಾರದೋ ಕೂದಲು. ನಾನಂತೂ ಕಣ್ಣು ಬಾಯಿ ಬಿಟ್ಟು ನೋಡಿದ್ದೆ. ಅವಳ ಸರ್ ಮಾತ್ರ, "ಶಾಟ್‌ಗಳು ಇವೆ, ಮನುಷ್ಯರು ಎಲ್ಲಿ?" ಎಂದು ಕೇಳಿ ಫೇಲ್ ಮಾಡಿದರು. ಇನ್ನು ಒಂದೇ ಅವಕಾಶ, ಇಪ್ಪತ್ತು ದಿನದ ಗಡುವು. ಅದೂ ಕೈಕೊಟ್ಟರೆ ವರ್ಷ ಹೋದಂತೆ.

ಹುಡುಗಿ ಡೊಂಬಿವಲಿಗೆ ಬಂದು ನನ್ನ ಮಂಚದ ಮೇಲೆ ಬೋರಲು ಬಿದ್ದು ಅತ್ತಳು. ನನಗೆ ಸಮಾಧಾನ ಹೇಳಲು ಬರುವುದಿಲ್ಲ, ನೀರುದೋಸೆ ಮಾಡಲು ಬರುತ್ತದೆ. ಅಳುತ್ತಲೇ ಆರು ತಿಂದಳು. ಆರನೆಯದು ಮುಗಿಯುವಾಗ ತಲೆಯೆತ್ತಿ, "ಅತ್ತೆ, ನೀವೆಲ್ಲ ಟ್ರೇನಲ್ಲಿ ಹಾಡ್ತಿದ್ರಲ್ಲ, ವೋ ಗಾನಾ ಅಭೀ ಭೀ ಯಾದ್ ಹೈ ಕ್ಯಾ?" ಎಂದು ಕೇಳಿದಳು.

ನೆನಪಿಲ್ಲದೆ ಉಂಟೇ! ಇಪ್ಪತ್ತೆಂಟು ವರ್ಷ ನಾನು ಡೊಂಬಿವಲಿಯಿಂದ ಥಾಣೆಯ ಒಂದು ವಿಮಾ ಕಚೇರಿಗೆ ಹೋಗಿಬಂದವಳು. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಬೆಳಗಿನ ಸ್ಲೋ ಲೋಕಲ್, ಹೆಂಗಸರ ಬೋಗಿ, ಅದರಲ್ಲಿ ನಮ್ಮದು ಆರು ಜನರ ಗುಂಪು. ನಾಯಕಿ ಗಿರಿಜಕ್ಕ, ಉಡುಪಿ ಕಡೆಯವರು, ಥಾಣೆಯ ಶಾಲೆಯೊಂದರಲ್ಲಿ ಟೀಚರು. ಸುನಂದಾ ವಿಜಯಪುರದವಳು, ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಉಳಿದ ಮೂವರು ಮರಾಠಿಯವರು. ಆರೂ ಜನ ಥಾಣೆಯಲ್ಲಿ ಇಳಿಯುವವರು. ದಸರಾಕ್ಕೆ ಬೋಗಿಯೊಳಗೆ ಚೆಂಡುಹೂವಿನ ಮಾಲೆ ಕಟ್ಟುವುದು, ನವರಾತ್ರಿಯ ಒಂಬತ್ತು ದಿನ ಒಂಬತ್ತು ಬಣ್ಣದ ಸೀರೆ ಉಡುವುದು, ಮಿಕ್ಕ ದಿನಗಳಲ್ಲಿ ಹಾಡುವುದು. ಭಜನೆಗಳೆಲ್ಲ ಮುಗಿದಾಗ ನಾವೇ ಒಂದು ಹಾಡು ಕಟ್ಟಿಕೊಂಡೆವು. ಯಾರು ಕಟ್ಟಿದ್ದು ಎಂದರೆ ಹೇಳಲಾಗದು. ಒಬ್ಬಳು ಒಂದು ಸಾಲು ಎಸೆದರೆ ಇನ್ನೊಬ್ಬಳು ಹಿಡಿಯುತ್ತಿದ್ದಳು. ಎರಡು ಚರಣ ಮರಾಠಿಯಲ್ಲಿ, ಒಂದು ಕನ್ನಡದಲ್ಲಿ. ಪಲ್ಲವಿ ನಮ್ಮದೇ:

ಡಬ್ಬಿ ತೆರೆಯೇ ಅಕ್ಕ, ಸ್ವಲ್ಪ ಸರಿಯೇ ಪಕ್ಕ,
ಥಾಣೆ ಬರೋ ತನಕ ನಾವು ಅಕ್ಕತಂಗಿ.

ಸಾಹಿತ್ಯದ ದೃಷ್ಟಿಯಿಂದ ಇದು ಎಲ್ಲಿ ನಿಲ್ಲುತ್ತದೋ ಗೊತ್ತಿಲ್ಲ. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ತುದಿಯಲ್ಲಿ ಕೂತು ಹಾಡಲು ಮಾತ್ರ ಹೇಳಿ ಮಾಡಿಸಿದ ಹಾಡು.

ಅದಿತಿ ಕಣ್ಣೊರೆಸಿಕೊಂಡು ಕೆಲಸಕ್ಕಿಳಿದಳು. ಅವಳು ಯೋಜನೆ ಹಾಕುವುದನ್ನು ನೋಡಿದ ಮೇಲೆ, ನಾನು ಅಲ್ಲಿಯವರೆಗೆ ಯೋಜನೆ ಎಂದುಕೊಂಡಿದ್ದು ಬರೀ ಗಾಬರಿ ಎಂದು ತಿಳಿಯಿತು. ನಮ್ಮ ಮನೆಯ ಮದುವೆಗಳನ್ನು ನಾನು ಲಗ್ನಪತ್ರಿಕೆಯ ಲಕೋಟೆಯ ಹಿಂಭಾಗದಲ್ಲಿ ಬರೆದುಕೊಂಡು ನಡೆಸಿದವಳು, ಆಮೇಲೆ ಆ ಲಕೋಟೆಯನ್ನು ಹುಡುಕುವುದರಲ್ಲೇ ಮುಹೂರ್ತ ಬಂದಿರುತ್ತಿತ್ತು. ಇವಳದು ಲ್ಯಾಪ್‌ಟಾಪಿನಲ್ಲಿ ಒಂದು ದೊಡ್ಡ ಪಟ್ಟಿ. ಹಾಡಿನ ಯಾವ ಸೆಕೆಂಡಿಗೆ ಯಾರ ಮುಖ, ಯಾವ ದಿಕ್ಕಿನಿಂದ ಬೆಳಕು, ಕ್ಯಾಮೆರಾ ಹತ್ತಿರವೋ ದೂರವೋ, ಕೈಯಲ್ಲಿ ಡಬ್ಬಿ ಇರಬೇಕೋ ಚೀಲವೋ, ಎಲ್ಲಕ್ಕೂ ಒಂದೊಂದು ಮನೆ. ಪಕ್ಕದಲ್ಲಿ ಪ್ರತಿ ಶಾಟಿಗೂ ಒಂದು ಪುಟ್ಟ ಚಿತ್ರ, ಟ್ಯಾಬ್ಲೆಟ್ಟಿನ ಮೇಲೆ ಬೆರಳಿನಲ್ಲೇ ಬರೆದದ್ದು. ಒಂದರಲ್ಲಿ ದುಂಡಗಿನ ತಲೆಗೆ ಕನ್ನಡಕ ಇತ್ತು. "ಇದು ಯಾರು ಮಗಾ, ಕುಂಬಳಕಾಯಿಗೆ ಕನ್ನಡಕ ಹಾಕಿದ್ದು?" ಎಂದೆ. "ಅತ್ತೆ, ವೋ ಆಪ್ ಹೋ," ಎಂದಳು.

ಅವಳ ಜೊತೆಗಾರ ಸೊಹೇಲ್, ಭಿವಂಡಿಯ ಹುಡುಗ, ಸಹಪಾಠಿ. ಧ್ವನಿ ಮತ್ತು ಸಂಕಲನ ಅವನ ಪಾಲು. ಅವರ ಮನೆಯಲ್ಲಿ ಮಗ್ಗಗಳಿವೆ. ಇಪ್ಪತ್ತು ಮಗ್ಗ ಒಟ್ಟಿಗೆ ಗಡಗಡ ಎನ್ನುವಾಗ ಒಂದರಲ್ಲಿ ನೂಲು ಹರಿದರೂ ಅವನ ಅಬ್ಬಾ ಚಹಾ ಕುಡಿಯುತ್ತಾ ಕೂತಲ್ಲಿಂದಲೇ ಹೇಳುತ್ತಾರಂತೆ; ಆ ಕಿವಿ ಮಗನಿಗೂ ಬಂದಿದೆ. ಗಿರಿಜಕ್ಕನ ಮಲಗುವ ಕೋಣೆಯಲ್ಲಿ ಗೋಡೆಗೆಲ್ಲ ಗಾದಿ ಒರಗಿಸಿ ನಮ್ಮ ಹಾಡನ್ನು ಧ್ವನಿಮುದ್ರಿಸುವಾಗ, ಮಧ್ಯದಲ್ಲಿ ನಿಲ್ಲಿಸಿ, "ಆಂಟಿ, ಯಾರದೋ ಬಳೆ ಮಾತಾಡ್ತಾ ಇದೆ," ಎಂದು ಹಿಂದಿಯಲ್ಲಿ ಹೇಳಿದ. ಮಾತಾಡುತ್ತಿದ್ದದ್ದು ನನ್ನ ಬಳೆ. ತೆಗೆದಿಟ್ಟೆ.

ಹಾಡೇನೋ ಸಿಕ್ಕಿತು, ರೈಲು ಎಲ್ಲಿಂದ ತರುವುದು? ಅನುಮತಿಯಿಲ್ಲದೆ ಗಾಡಿಯಲ್ಲಿ ಚಿತ್ರೀಕರಣ ಮಾಡುವಂತಿಲ್ಲ. ಅನುಮತಿ ಬರುವ ಹೊತ್ತಿಗೆ ಗಡುವು ಮುಗಿದಿರುತ್ತದೆ. "ಘರ್ ಮೇ ಬನಾಯೇಂಗೇ," ಎಂದಳು ಅದಿತಿ, ಮನೆಯಲ್ಲೇ ಉಪ್ಪಿಟ್ಟು ಮಾಡೋಣ ಎಂದಷ್ಟೇ ಸುಲಭವಾಗಿ. ನಾನು ತಲೆ ಕೆರೆದುಕೊಂಡೆ. ಆಮೇಲೆ ನೆನಪಾಯಿತು: ನಮ್ಮ ಕಡೆಯ ಯಕ್ಷಗಾನದ ರಂಗದ ಮೇಲೆ ಇರುವುದು ಒಂದೇ ಒಂದು ಮರದ ಪೀಠ. ಅರಸ ಕೂತರೆ ಅದು ಸಿಂಹಾಸನ, ಯುದ್ಧಕ್ಕೆ ಹೊರಟವನು ಹತ್ತಿ ನಿಂತರೆ ರಥ, ಹನುಮಂತ ಕಾಲಿಟ್ಟರೆ ಪರ್ವತ. ಅಷ್ಟು ವರ್ಷ ನೋಡಿದರೂ ಒಬ್ಬ ಪ್ರೇಕ್ಷಕನಾದರೂ ಎದ್ದು ನಿಂತು ಇದು ಬರೀ ಪೀಠ ಎಂದು ತಕರಾರು ತೆಗೆದದ್ದಿಲ್ಲ. ನಂಬಿಸುವುದಕ್ಕೆ ವಸ್ತು ಸ್ವಲ್ಪ ಸಾಕು, ಮೇಲೆ ಕೂತವನು ನಂಬಬೇಕು, ಅಷ್ಟೇ. ನಮ್ಮ ಮಕ್ಕಳ ಕಂಪ್ಯೂಟರುಗಳೂ ಕೊನೆಗೆ ಆ ಪೀಠದ ಮೊಮ್ಮಕ್ಕಳೇ ಎಂದು ನನಗೆ ಆಮೇಲೆ ಅನ್ನಿಸಿದೆ.

ಹಾಗೆ ನಮ್ಮ ನಡುಮನೆಯ ಎರಡು ದಿವಾನಗಳು ಎದುರುಬದುರಾದವು. ಕಬ್ಬಿಣದ ಕಿಟಕಿಯ ಜಾಲರಿಯೊಂದನ್ನು ಸೊಹೇಲ್ ಭಿವಂಡಿಯ ಗುಜರಿಯಿಂದ ತಂದ. ಮೇಲೆ ನೇತಾಡುವ ಹಿಡಿಕೆಗಳಿಗೆ ಬಟ್ಟೆ ಒಣಗಿಸುವ ಕೋಲು. ನಮ್ಮ ಯಜಮಾನರಿಗೂ ಒಂದು ಪಾತ್ರ ಬಂತು, ವಿದ್ಯುತ್ ಕಂಬದ್ದು. ದೀಪದ ಎದುರು ರಟ್ಟಿನ ತುಂಡನ್ನು ಹಿಡಿದು ಅತ್ತಿತ್ತ ಆಡಿಸಬೇಕು, ಅದರ ನೆರಳು ನಮ್ಮ ಮುಖದ ಮೇಲೆ ಹಾದುಹೋಗುವ ಕಂಬವಾಗುತ್ತದೆ. ಅವರು ಸ್ವಭಾವತಃ ನಿಧಾನ. "ಅಂಕಲ್, ಇದು ಗೂಡ್ಸ್ ಗಾಡಿ ಆಯ್ತು," ಎಂದು ಅದಿತಿ ಮೂರು ಸಲ ಹೇಳಬೇಕಾಯಿತು.

ಕಿಟಕಿಯ ಹಿಂದೆ ಮಕ್ಕಳು ಒಂದು ಹಸಿರು ಬಟ್ಟೆ ಕಟ್ಟಿದರು. ಆ ಹಸಿರು ಇರುವಲ್ಲೆಲ್ಲ ಕಂಪ್ಯೂಟರು ಆಮೇಲೆ ಓಡುವ ಗುಡ್ಡ, ಮನೆ, ಖಾಡಿಗಳನ್ನು ತುಂಬುತ್ತದೆಯಂತೆ. ಸರಿ, ಬಾಗಿಲು ಬಡಿದ ಸದ್ದಾಯಿತು, ಗಾಡಿಯ ಗೆಳತಿಯರು ಐವರೂ ಒಳಗೆ ಬಂದರು. ಅದಿತಿ ತಲೆಯ ಮೇಲೆ ಕೈಹೊತ್ತು ಕೂತಳು. ಐದೂ ಸೀರೆ ಅಪ್ಪಟ ಗಿಳಿಹಸಿರು. ಒಳಗಿನಿಂದ ನಾನು ಬಂದೆ, ಆರನೆಯದು. ಗುಂಪಿನಲ್ಲಿ ಫೋಟೋ ಎಂದ ಮೇಲೆ ಒಂದೇ ಬಣ್ಣ ಉಡುವುದು ನಮ್ಮ ಬೋಗಿಯ ನವರಾತ್ರಿಯ ಪದ್ಧತಿ; ಮಕ್ಕಳಿಗೆ ಖುಷಿಯಾಗಲಿ ಎಂದು ಯಾರಿಗೂ ಹೇಳದೆ ಫೋನಿನಲ್ಲೇ ತೀರ್ಮಾನಿಸಿದ್ದೆವು. ಸೊಹೇಲ್ ಕ್ಯಾಮೆರಾದ ಪರದೆಯನ್ನು ನಮ್ಮ ಕಡೆ ತಿರುಗಿಸಿ ಒಂದು ಗುಂಡಿ ಒತ್ತಿದ. ಥಾಣೆಯ ದಾರಿಯಲ್ಲಿ ಸಿಗುವ ಮುಂಬ್ರಾದ ಗುಡ್ಡದ ಮೇಲೆ ಆರು ತಲೆ, ಹನ್ನೆರಡು ಕೈ ತೇಲುತ್ತಿದ್ದವು, ದೇಹ ಇರಲಿಲ್ಲ.

"ಏನ್ ಛಂದ ಕಾಣಸ್ತೇವ್ರೀ, ಥೇಟ್ ದೇವತೆಗಳು!" ಎಂದಳು ಸುನಂದಾ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅದಿತಿ ನಗಲಿಲ್ಲ. ಅವಳಿಗೆ ಉಳಿದಿದ್ದದ್ದು ಆರು ದಿನ.

ಸಿಟ್ಟಾಗಿದ್ದರೂ ಹುಡುಗಿ ನಮ್ಮನ್ನು ಬೈಯಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಐದು ನಿಮಿಷ ಗೋಡೆ ನೋಡಿದಳು, ಆಮೇಲೆ ನಮ್ಮ ದೊಡ್ಡ ಟಿವಿಯನ್ನು ನೋಡಿದಳು. ಹಸಿರು ಬಟ್ಟೆ ಹೋಯಿತು, ಟಿವಿಯೇ ಕಿಟಕಿಯ ಹಿಂದೆ ಬಂತು. ಹಳಿಯ ಪಕ್ಕದ ರಸ್ತೆಯಿಂದ ಅವರು ತೆಗೆದಿಟ್ಟುಕೊಂಡಿದ್ದ ಚಿತ್ರ ಅದರಲ್ಲಿ ಓಡತೊಡಗಿತು, ಅದರ ಬೆಳಕು ನಮ್ಮ ಕೆನ್ನೆಯ ಮೇಲೆ ಓಡತೊಡಗಿತು. ದೊಡ್ಡ ಸ್ಟುಡಿಯೋಗಳಲ್ಲಿ ಈಗ ಹೀಗೆಯೇ ಗೋಡೆಯಷ್ಟು ದೊಡ್ಡ ಪರದೆ ಇಡುತ್ತಾರಂತೆ. ಧಾರಾವಾಹಿ ನೋಡಲು ತಂದ ಟಿವಿ ಇಷ್ಟು ದೊಡ್ಡ ಕುಲದ್ದೆಂದು ನಮಗೆ ತಿಳಿದಿರಲಿಲ್ಲ.

ಇನ್ನು ಸದ್ದು. ಸೊಹೇಲ್ ಎರಡು ದಿನ ಸ್ಲೋ ಲೋಕಲಿನಲ್ಲಿ ಡೊಂಬಿವಲಿಯಿಂದ ಥಾಣೆಗೆ ಹೋಗಿ ಬಂದು, ಶರ್ಟಿನ ಜೇಬಿನಲ್ಲಿಟ್ಟ ಫೋನಿನಲ್ಲಿ ಗಾಡಿಯ ಒಳಗಿನ ಸದ್ದನ್ನು ಹಿಡಿದಿದ್ದ. ನಿಲ್ದಾಣದ ಹೆಸರು ಕೂಗುವ ದನಿಯನ್ನು ಕತ್ತರಿಸಿ ತೆಗೆದು, ಅರ್ಧ ಗಂಟೆಯ ಪ್ರಯಾಣವನ್ನು ಮೂರೂವರೆ ನಿಮಿಷಕ್ಕೆ ಕುಗ್ಗಿಸಿ, ನಮ್ಮ ಹಾಡಿನ ಅಡಿಗೆ ಹಾಸಿದ್ದ. ಸ್ಪೀಕರಿನಲ್ಲಿ ಅದು ಬರುತ್ತದೆ, ನಾವು ಜೊತೆಗೆ ಬಾಯಾಡಿಸಬೇಕು. ಶುರುವಿನಲ್ಲಿ ಗಿರಿಜಕ್ಕ ಒಂದು ಚಪ್ಪಾಳೆ ತಟ್ಟಬೇಕು. ಅದು ಶುಭಾರಂಭಕ್ಕೆ ಎಂದು ತಿಳಿದು ನಾನು ಕೈಮುಗಿದಿದ್ದೆ. ಚಿತ್ರವನ್ನೂ ಧ್ವನಿಯನ್ನೂ ಆಮೇಲೆ ಹೊಂದಿಸಲು ಅದೊಂದು ಗುರುತು ಎಂದು ಸೊಹೇಲ್ ಹೇಳಿದ.

ಅದಿತಿ "ಆಕ್ಷನ್" ಎಂದಳು. ಚಪ್ಪಾಳೆ ಬಿತ್ತು. ಗಾಡಿ ಹೊರಟಿತು. ನಿಮಗೆ ಹೇಗೆ ಹೇಳಲಿ! ನಮ್ಮ ಮನೆ ಹಳಿಯಿಂದ ದೂರವಿಲ್ಲ, ದಿನಕ್ಕೆ ನೂರು ಗಾಡಿಗಳ ಸದ್ದು ಕೇಳುತ್ತದೆ, ನಮಗದು ಲೆಕ್ಕಕ್ಕೇ ಇಲ್ಲ. ಆದರೆ ಹೊರಗಿನ ಸದ್ದು ಬೇರೆ, ಒಳಗಿನ ಸದ್ದು ಬೇರೆ. ಕಾಲಡಿಯಿಂದ ಬರುವ ಆ ಗುಡುಗುಡು ಕೇಳಿದ್ದೇ ನಿವೃತ್ತಿಯಾದ ಆರು ಹೆಂಗಸರ ಬೆನ್ನು ತಾನಾಗಿ ಸಡಿಲವಾಯಿತು. ಯಾರೂ ಹೇಳಿಕೊಡದೆ ಒಟ್ಟಿಗೆ ತೂಗತೊಡಗಿದೆವು. ಒಂದನೇ ಚರಣ ಮುಗಿಯಿತು, ಎರಡನೆಯದು ಮುಗಿಯಿತು. ಸುನಂದಾ ನಿಜವಾಗಿಯೂ ಡಬ್ಬಿ ತೆರೆದಳು. ಮೂರನೇ ಚರಣದ ಎರಡನೇ ಸಾಲಿನಲ್ಲಿದ್ದೆವು.

"ಕಟ್! ಕಟ್! ಅತ್ತೆ, ಎಲ್ಲರೂ ಯಾಕೆ ಖಡೇ ಹೋ ಗಯೇ?"

"ಯಾರು ಎದ್ದದ್ದು? ನಾನು ಕೂತಲ್ಲೇ ಇದ್ದೇನಲ್ಲ ಮಾರಾಯ್ತಿ," ಎಂದರು ಗಿರಿಜಕ್ಕ, ನಿಂತುಕೊಂಡೇ.

ಒಬ್ಬರನ್ನೊಬ್ಬರು ನೋಡಿಕೊಂಡೆವು. ಆರು ಜನವೂ ನಿಂತಿದ್ದೆವು. ಸೆರಗು ಸೊಂಟಕ್ಕೆ ಸಿಕ್ಕಿಸಿ ಆಗಿತ್ತು, ಚೀಲ ಎದೆಗೆ ಬಂದಿತ್ತು, ಮುಖ ಅಡುಗೆಮನೆಯ ಬಾಗಿಲಿನ ಕಡೆಗಿತ್ತು, ಏಕೆಂದರೆ ನಮ್ಮ ಬೋಗಿಯಲ್ಲಿ ಬಾಗಿಲು ಇದ್ದದ್ದು ಆ ಕಡೆ. "ಅಯ್ಯ, ಖರೇನ ಎದ್ದೇವಲ್ರೀ! ಕಾಲು ತಾವ ಎದ್ದಾವ ನೋಡ್ರಿ," ಎಂದು ಸುನಂದಾ ತನ್ನ ಕಾಲುಗಳನ್ನೇ ಬಗ್ಗಿ ನೋಡಿದಳು.

ಎರಡನೇ ಸಲವೂ ಅದೇ ಜಾಗದಲ್ಲಿ ಎದ್ದೆವು. ಮೂರನೇ ಸಲ ಗಿರಿಜಕ್ಕ ದಿವಾನದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು, ಆದರೂ ಹಿಮ್ಮಡಿ ಮೇಲೆದ್ದಿತು. ನಾಲ್ಕನೇ ಸಲ ಹಲ್ಲು ಕಚ್ಚಿ ಕೂತೆವು. ಕೂತೇನೋ ಕೂತೆವು, ದಸರಾ ಗೊಂಬೆಗಳಂತೆ. ಅದಿತಿಯ ಮುಖ ಬಾಡಿತು. ಮನುಷ್ಯರು ಎಲ್ಲಿ ಎಂದು ಕೇಳಿದ ಸರ್‌ಗೆ ಈಗ ಆರು ಗೊಂಬೆಗಳನ್ನು ತೋರಿಸಬೇಕಾಗಿತ್ತು. ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು, ನಲ್ಲಿ ಜೋರಾಗಿ ಬಿಟ್ಟಳು. ನನಗೆ ಸಂಕಟವಾಯಿತು. ಈ ಹೆಂಗಸರನ್ನು ಒಪ್ಪಿಸಿ ಕರೆಸಿದವಳು ನಾನೇ. ನಾವು ಹುಡುಗಿಯ ವರ್ಷವನ್ನು ನುಂಗಲು ಬಂದವರಂತಾದೆವಲ್ಲ ಎಂದು ಆರೂ ಜನ ತಲೆತಗ್ಗಿಸಿ ಕೂತೆವು.

ಸೊಹೇಲ್ ಮಾತ್ರ ಲ್ಯಾಪ್‌ಟಾಪಿನ ಮುಂದೆ ಬಗ್ಗಿದ್ದ. ಪರದೆಯಲ್ಲಿ ಧ್ವನಿ ಒಂದು ಗೆರೆಯಾಗಿ ಕಾಣುತ್ತದೆ, ಬಾಚಣಿಗೆಯ ಹಲ್ಲಿನ ಹಾಗೆ ಏಳುಬೀಳು. ಮೂರೂ ಸಲ ನಾವೆದ್ದ ಚಿತ್ರವನ್ನು ಆ ಗೆರೆಯ ಮೇಲೆ ಒಂದರ ಕೆಳಗೊಂದು ಇಟ್ಟು ನೋಡಿದ. ಮೂರೂ ಸ್ವಲ್ಪವೂ ಆಚೀಚೆಯಿಲ್ಲದೆ ಒಂದೇ ಹಲ್ಲಿನ ಕೆಳಗೆ ಬಂದವು. ಆ ಒಂದು ತುಣುಕನ್ನು ಬಿಡಿಸಿ ಸ್ಪೀಕರಿನಲ್ಲಿ ಹಾಕಿದ: ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಒಂದು ಸಣ್ಣ ಕಿರುಚು, ಹಾಡಿನೊಳಗೆ ಕೇಳಿಸಿಯೂ ಕೇಳಿಸದಂಥದ್ದು.

"ಆಂಟಿ, ಯೇ ಕಿಸ್ ಚೀಜ್ ಕಾ ಆವಾಜ್ ಹೈ?"

"ಮುಂಬ್ರಾ ಬಿಟ್ಟ ಮೇಲೆ ಗುಡ್ಡದ ತಿರುವು," ಎಂದರು ಗಿರಿಜಕ್ಕ, ಕ್ಷಣವೂ ತಡವಿಲ್ಲದೆ. "ಅಲ್ಲಿ ಎದ್ದು ಬಾಗಿಲಿಗೆ ಬರದಿದ್ದರೆ ಮುಂದಿನ ನಿಲ್ದಾಣ ಕಲ್ವಾದಲ್ಲಿ ಜನ ನುಗ್ಗುತ್ತಾರೆ. ಮತ್ತೆ ಥಾಣೆಯಲ್ಲಿ ಇಳಿದ ಹಾಗೆಯೇ!" ಹೇಳುತ್ತಾ ಹೇಳುತ್ತಾ ಅವರ ಕೈ ಚೀಲವನ್ನು ಹುಡುಕುತ್ತಿತ್ತು.

ಬಚ್ಚಲಿನ ನಲ್ಲಿ ನಿಂತಿತು. ಅದಿತಿ ಬಾಗಿಲಲ್ಲಿ ಒದ್ದೆ ಮುಖದಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಸೊಹೇಲ್ ಆ ಕಿರುಚನ್ನು ಒರೆಸಿಹಾಕಿ ಇನ್ನೊಮ್ಮೆ ಓಡಿಸಿದ. ಈ ಸಲ ನಾವು ಏಳಲಿಲ್ಲ, ಆದರೆ ತೂಗುವುದೂ ತಪ್ಪಿತು, ದಾರಿ ತಪ್ಪಿದವರ ಹಾಗೆ ಕಣ್ಣು ಅತ್ತಿತ್ತ ಹರಿದವು. "ಗಾಡಿ ಎಲ್ಲಿಗೆ ಹೋಗ್ತಾ ಉಂಟು ಅಂತಲೇ ಗೊತ್ತಾಗುವುದಿಲ್ಲ," ಎಂದು ಗಿರಿಜಕ್ಕ ಗೊಣಗಿದರು. ಅದಿತಿ ಹತ್ತಿರ ಬಂದು ನೆಲದ ಮೇಲೆ ಕೂತಳು. "ಓಕೆ. ನಿಮಗೆ ಹೇಗೆ ಬರ್ತದೆ ವೈಸಾ ಹೀ ಕರೋ. ಎದ್ರೆ ಏಳಿ. ನಾನು ಕಟ್ ಹೇಳುವುದಿಲ್ಲ," ಎಂದಳು. ಕಿರುಚು ಮರಳಿ ಬಂತು. ನಾವು ಎದ್ದೆವು. ಅವಳು ಕ್ಯಾಮೆರಾ ಹೊತ್ತು ನಮ್ಮ ನಡುವೆ ನುಗ್ಗಿ, ನಮ್ಮ ಮೊಣಕೈಗಳ ಕೆಳಗಿಂದ ತೂರಿ, ಅಡುಗೆಮನೆಯ ಬಾಗಿಲಿನವರೆಗೂ ನಮ್ಮ ಜೊತೆ ಬಂದಳು. ಸ್ಪೀಕರಿನಲ್ಲಿ ಖಾಡಿಯ ಸೇತುವೆಯ ಟೊಳ್ಳು ಸದ್ದು ಮುಗಿಯುವವರೆಗೆ ಆರೂ ಜನ ಒತ್ತಿಕೊಂಡು ನಿಂತು ಹಾಡಿದೆವು.

ಸಂಕಲನ ಸೀವುಡ್ಸಿನಲ್ಲಿ ನಡೆಯಿತು. ನಾನು ತಮ್ಮನ ಮನೆಗೆ ಎರಡು ದಿನ ಹೋಗಿ ಉಳಿದೆ, ಹೆಸರಿಗೆ ಅಡುಗೆಯ ಸಹಾಯಕ್ಕೆ, ನಿಜವಾಗಿ ನೋಡುವ ಆಸೆಗೆ. ಪರದೆಯ ಮೇಲೆ ನಾವು ಆರು ಜನ ಆರು ಬಣ್ಣದ ಪಟ್ಟಿಗಳಾಗಿದ್ದೆವು, ನನ್ನದು ಅರಿಶಿನ. ಅದಿತಿ ನನ್ನನ್ನು ಕತ್ತರಿಸುತ್ತಿದ್ದಳು, ಅಂಟಿಸುತ್ತಿದ್ದಳು, ಬೇಡವೆನಿಸಿದರೆ ಒಂದು ಗುಂಡಿ ಒತ್ತಿ ಮೊದಲಿನ ಹಾಗೆ ಮಾಡುತ್ತಿದ್ದಳು. ಸ್ವೆಟರು ಹೆಣೆದವರಿಗೆ ಆ ಗುಂಡಿಯ ಬೆಲೆ ಗೊತ್ತು. ಒಂದು ಹೊಲಿಗೆ ತಪ್ಪಿದರೆ ನಾಲ್ಕು ಸಂಜೆ ಬಿಚ್ಚಬೇಕು. ಒಂದು ಕಡೆ ಅವಳು ಗಿರಿಜಕ್ಕನ ಮುಖದಿಂದ ಸುನಂದಾಳ ಡಬ್ಬಿಗೆ ಹೋಗುವ ಜಾಗವನ್ನು ಎರಡು ಫ್ರೇಮ್ ಹಿಂದೆ ಸರಿಸಿದಳು. ಎರಡು ಫ್ರೇಮೆಂದರೆ ಕಣ್ಣು ಮಿಟುಕಿಸಲೂ ಸಾಲದು. ನನಗೆ ವ್ಯತ್ಯಾಸ ಕಾಣಲಿಲ್ಲ, ಆದರೆ ಮೊದಲು ಬಾರದ ನಗು ಎರಡನೇ ಸಲ ಬಂತು. ಸಾರಿಗೆ ಕೊನೆಯ ಚಿಟಿಕೆ ಉಪ್ಪು ಬಿದ್ದಾಗ ಆಗುವುದೂ ಇಷ್ಟೇ. ಕೈಯಲ್ಲಿ ಸೌಟಿಲ್ಲ, ಅಷ್ಟೇ ಹೊರತು ಇದು ಅಡುಗೆಯವರ ತಾಳ್ಮೆಯೇ ಎಂದು ನನಗೆ ಅವಳ ಮೇಲೆ ಗೌರವ ಹುಟ್ಟಿತು.

ಅರ್ಧ ಸಿದ್ಧವಾದದ್ದನ್ನು ಒಂದು ಲಿಂಕ್ ಮಾಡಿ ಎಲ್ಲರಿಗೂ ಕಳಿಸಿದಳು. ನೋಡುತ್ತಾ ಯಾವ ಸೆಕೆಂಡಿನಲ್ಲಿ ನಿಲ್ಲಿಸುತ್ತೀರೋ ಅಲ್ಲೇ ಅಭಿಪ್ರಾಯ ಬರೆಯಬಹುದು. ಗಿರಿಜಕ್ಕ ಮೂವತ್ತೆಂಟನೇ ಸೆಕೆಂಡಿನಲ್ಲಿ, "ನನ್ನ ಬೆಂಡೋಲೆ ಸರಿಯಾಗಿ ಕಾಣುವುದಿಲ್ಲ," ಎಂದು ಬರೆದರು. ಒಂದು ನಿಮಿಷದ ಹತ್ತಿರ, "ಈಗ ಕಂಡಿತು." ಅದಿತಿ ಎರಡನ್ನೂ ಗಂಭೀರವಾಗಿ ಓದಿ, ಕೆಳಗೆ ಥ್ಯಾಂಕ್ಯೂ ಬರೆದಳು.

ಕೊನೆಗೆ ಕೊಡುವ ದಿನ ಬಂತು. ಅವಳು ಎರಡು ಆವೃತ್ತಿ ಇಟ್ಟುಕೊಂಡಿದ್ದಳು. ಒಂದರಲ್ಲಿ ಮೂರನೇ ಚರಣ ಅವಳ ಮೊದಲಿನ ಚಿತ್ರಪಟ್ಟಿಯಲ್ಲಿದ್ದಂತೆ: ನಾವು ಕೂತಿರುತ್ತೇವೆ, ಕ್ಯಾಮೆರಾ ಕಿಟಕಿಯ ಹತ್ತಿರ ಹೋಗುತ್ತದೆ, ಗುಡ್ಡ ಓಡುತ್ತದೆ, ಚೆಂದವಾಗಿ ಮುಗಿಯುತ್ತದೆ. ಇನ್ನೊಂದರಲ್ಲಿ ನಾವು ಏಳುತ್ತೇವೆ. ಕ್ಯಾಮೆರಾ ಅಲ್ಲಾಡುತ್ತದೆ, ಒಂದು ಕಡೆ ಪರದೆಯ ತುಂಬ ನನ್ನ ಮೊಣಕೈ. ಚಿತ್ರಪಟ್ಟಿಗೂ ಅಂಕಗಳಿವೆ, ಹಾಕಿಕೊಂಡ ಯೋಜನೆಯನ್ನು ಮುರಿದರೆ ಸರ್ ಕೇಳಿಯೇ ಕೇಳುತ್ತಾರೆ. "ಯಾವುದು ಅತ್ತೆ?" ಎಂದಳು. ನಾನು ಜೀವಮಾನವಿಡೀ ವಿಮಾ ಕಚೇರಿಯಲ್ಲಿ ಕೂತವಳು, ಅಪಾಯ ಎಂಬ ಪದ ಕೇಳಿದರೆ ಮೊದಲು ಫಾರಂ ತುಂಬಿಸುವವಳು. "ಮೊದಲನೆಯದು ಕಳಿಸು ಮಗಾ, ಸುಮ್ಮನೆ ಯಾಕೆ?" ಎಂದೆ. ಅವಳು ತಲೆಯಾಡಿಸಿದಳು. ಆಮೇಲೆ ಎರಡನೆಯದನ್ನು ಕಳಿಸಿದಳು. ಆ ಕ್ಷಣದಲ್ಲಿ ನನ್ನ ಮಾತು ಕೇಳಲಿಲ್ಲವಲ್ಲ ಎಂದು ಸ್ವಲ್ಪ ಮುನಿಸಾಯಿತು; ಈಗ ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಕಾಲೇಜಿನ ಸಭಾಂಗಣದಲ್ಲಿ ಮನೆಯವರ ಎದುರೇ ಪ್ರದರ್ಶನ, ಅಲ್ಲೇ ಪ್ರಶ್ನೋತ್ತರ. ಆರೂ ಜನ ಥಾಣೆಯಲ್ಲಿ ಗಾಡಿ ಬದಲಿಸಿ ಹೋದೆವು. ವಿಡಿಯೋ ಮುಗಿದಾಗ ಹುಡುಗರು ಶಿಳ್ಳೆ ಹಾಕಿದರು, ಸರ್ ಹಾಕಲಿಲ್ಲ. ಅವರ ಮುಂದೆ ಅದಿತಿಯ ಚಿತ್ರಪಟ್ಟಿ ಇತ್ತು. ಮೂರನೇ ಚರಣದಲ್ಲಿ ಕಿಟಕಿಯ ಚಿತ್ರ ಬರೆದಿದ್ದೀಯ, ಇಲ್ಲಿ ಇವರು ಎದ್ದು ನಿಲ್ಲುತ್ತಾರೆ, ಇದನ್ನು ಯಾವಾಗ ಯೋಚಿಸಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಬೇಕಾದಷ್ಟು ಸುಳ್ಳುಗಳು ನನ್ನ ನಾಲಿಗೆಯ ತುದಿಗೆ ಬಂದವು. ಒಂದನ್ನಾದರೂ ಹೇಳೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದಿತಿ ಹೇಳಿದ್ದು ಇಷ್ಟು: "ಯೋಚಿಸಲಿಲ್ಲ ಸರ್. ಅವರು ತಪ್ಪಾಗಿ ಎದ್ದರು. ನಾನು ಮೂರು ಸಲ ಕಟ್ ಹೇಳಿದೆ, ಮೂರು ಸಲ ಸಿಟ್ಟು ಬಂತು. ಆಮೇಲೆ ಆ ಗಾಡಿ ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ ಅನ್ನಿಸಿತು. ನನ್ನ ಶಾಟ್ ಬಿಟ್ಟೆ."

ಸರ್ ಕನ್ನಡಕ ತೆಗೆದರು. "ತಪ್ಪಾಗಿ ಎದ್ದರೆ? ಆರು ಜನ, ಒಂದೇ ಕ್ಷಣದಲ್ಲಿ? ಇಷ್ಟು ಸರಿಯಾಗಿ ಏಳಲು ನನ್ನ ಡ್ಯಾನ್ಸಿನ ಹುಡುಗರಿಗೂ ಆಗುವುದಿಲ್ಲ. ಎಷ್ಟು ರಿಹರ್ಸಲ್ ಮಾಡಿಸಿದೆ, ನಿಜ ಹೇಳು."

"ಒಂದೂ ಇಲ್ಲ ಸರ್."

ಅವರು ನಂಬಲಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಅದಿತಿಯ ಕಣ್ಣು ತುಂಬತೊಡಗಿತು. ನನ್ನ ಪಕ್ಕದಲ್ಲಿ ಏನೋ ಸರಿದಂತಾಯಿತು. ಗಿರಿಜಕ್ಕ ಎದ್ದು ನಿಂತಿದ್ದರು. ತರಗತಿಯಲ್ಲಿ ಮೂವತ್ತು ಬೆಂಚುಗಳಿಗೆ ಕೇಳಿಸಿ ಅಭ್ಯಾಸವಾದ ಆ ದನಿ ಸಭಾಂಗಣದ ಗೋಡೆ ತಾಗಿ ಬಂತು.

"ಹುವಾ ಹೈ ಸರ್, ರಿಹರ್ಸಲ್ ಹುವಾ ಹೈ. ರೋಜ್ ದೋ ಬಾರ್. ಅಠ್ಠಾಯೀಸ್ ಸಾಲ್. ಸಂಡೇ ಕೋ ಛುಟ್ಟಿ."

ದಿನಕ್ಕೆರಡು ಸಲ, ಇಪ್ಪತ್ತೆಂಟು ವರ್ಷ, ಭಾನುವಾರ ಮಾತ್ರ ರಜೆ: ನಾವು ಗಾಡಿಯಲ್ಲಿ ಹೋಗಿಬಂದ ಲೆಕ್ಕ ಅದು. ಸರ್ ನಕ್ಕರು. ನಮ್ಮ ಆರು ಜನರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು, ತಲೆಬಗ್ಗಿಸಿ ಕಾಗದದ ಮೇಲೆ ಏನೋ ಬರೆದರು. ಅದಿತಿ ಪಾಸಾದಳು, ಚೆನ್ನಾಗಿಯೇ ಪಾಸಾದಳು. ಕೆಳಗಿಳಿದು ಬಂದವಳು ಮೊದಲು ತಬ್ಬಿಕೊಂಡದ್ದು ಅವಳ ಅಪ್ಪನನ್ನಲ್ಲ, ನನ್ನನ್ನೂ ಅಲ್ಲ, ಗಿರಿಜಕ್ಕನನ್ನು.

ಮನೆಗೆ ಮರಳುವಾಗ ಗಾಡಿಯಲ್ಲಿ ನಾನು ಆ ಉತ್ತರವನ್ನೇ ಮೆಲುಕು ಹಾಕುತ್ತಿದ್ದೆ. ನಿವೃತ್ತಿಯ ದಿನ ಕಚೇರಿಯವರು ಶಾಲು ಹೊದಿಸಿ ನನ್ನ ಸೇವೆಯನ್ನು ಹೊಗಳಿದ್ದರು, ಮನೆಯಲ್ಲಿ ಮಕ್ಕಳು ನನ್ನ ಅಡುಗೆಯನ್ನು ಹೊಗಳುವುದುಂಟು. ಆದರೆ ಇವೆರಡರ ನಡುವಿನ ಆ ಅರ್ಧರ್ಧ ಗಂಟೆಗಳು ಯಾರಿಗೂ ಸೇರಿದವಾಗಿರಲಿಲ್ಲ. ಹೋದ ಹೊತ್ತು ಎಂದು ನಾನೇ ಅವನ್ನು ಬಿಟ್ಟುಬಿಟ್ಟಿದ್ದೆ. ಇಪ್ಪತ್ತು ದಾಟದ ಒಂದು ಹುಡುಗಿ ತನ್ನ ಕ್ಯಾಮೆರಾ, ಟಿವಿ, ಲ್ಯಾಪ್‌ಟಾಪುಗಳನ್ನೆಲ್ಲ ಹೊತ್ತು ತಂದು, ಮೂರು ಸಲ ಕಣ್ಣೀರಿಟ್ಟು, ಆ ಹೊತ್ತನ್ನು ಹುಡುಕಿ ನನ್ನ ಕೈಗೆ ಕೊಟ್ಟಳು. ನಾಟಕ ಯಾವುದೆಂದು ತಿಳಿಯದೆಯೇ ಇಪ್ಪತ್ತೆಂಟು ವರ್ಷ ರಿಹರ್ಸಲ್ ಮಾಡಿದ್ದೆವು. ಆಡಿಸುವವಳು ಹುಟ್ಟಿ ಬೆಳೆದು ಬರುವುದಕ್ಕೆ ಅಷ್ಟು ಕಾಲ ಹಿಡಿಯಿತು, ಅಷ್ಟೇ.